ಎರಡು ಕಡೆಯ ನೀರು ಕೂಡುವ ಜಾಗ

ನಕ್ಷೆಗಳ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ ಅಂದರೆ ಅಮೆರಿಕದಲ್ಲಿ ನಾವಿರುವ ಮೀರಾ ಮೆಸಾ ಬಡಾವಣೆಯ ನಮ್ಮ ಕನ್ನಡದ ಹುಡುಗ ಹುಡುಗಿಯರು ಫೋನಿನಿಂದ ತಲೆ ಎತ್ತುತ್ತಾರೆ. ಆಮೇಲೆ ಮರ್ಯಾದೆಯಿಂದಲೇ ಕೇಳುತ್ತಾರೆ: “ಎಲ್ಲಾ ಫೋನಲ್ಲೇ ಇದೆಯಲ್ಲ ಆಂಟಿ, ಅಲ್ಲಿಗೆ ಯಾರು ಬರ್ತಾರೆ?” ಬರುತ್ತಾರಪ್ಪ. ಫೋನಿನಲ್ಲಿ ಇವತ್ತಿನ ರಸ್ತೆ ಇರುತ್ತದೆ. ನಿಮ್ಮಜ್ಜಿ ಹುಟ್ಟಿದ ಮನೆಯ ಮುಂದಿದ್ದ ಕಾಲುವೆ ಇರುವುದಿಲ್ಲ. ಅದನ್ನು ಹುಡುಕಿಕೊಂಡು ಬರುವವರಿಗೆ ಚಪ್ಪಟೆ ಡ್ರಾಯರ್ ಎಳೆದು ತೋರಿಸುವವಳು ನಾನಾಗಿದ್ದೆ.

ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಸೇರಲು ಹೊರಟಿರುವ ಇಬ್ಬರು ಮೂವರು ಬಂದು, ನಿಮ್ಮ ಅನುಭವ ಬರೆದುಕೊಡಿ ಅಂದರು. ಬಡ್ತಿ ನನಗೆ ಎರಡು ಸಲ ಸಿಕ್ಕಿತು, ಒಂದು ಸಲ ತಪ್ಪಿತು. ಅದರಲ್ಲಿ ನಿಮಗೆ ಕಲಿಯುವಂಥದ್ದೇನೂ ಇಲ್ಲ. ನಾನು ಮಾಡಿದ ತಪ್ಪುಗಳಿಂದ ನಿಮಗೆ ಹೆಚ್ಚು ಉಪಯೋಗ. ಅದಕ್ಕೆ ಕೆಲಸದ ಕೊನೆಯ ನಾಲ್ಕು ವರ್ಷದಲ್ಲಿ ನನ್ನ ಕೈಸೇರಿದ ಒಂದೇ ಒಂದು ಪೆಟ್ಟಿಗೆಯ ಕಥೆ ಹೇಳುತ್ತೇನೆ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಇಷ್ಟು ನಕ್ಕಿದ್ದೂ ಇಲ್ಲ, ಇಷ್ಟು ಹೆದರಿದ್ದೂ ಇಲ್ಲ.

ಮೊದಲು ನನ್ನ ಬಾಸ್ ಕ್ಯಾರಲ್ ಬಗ್ಗೆ ಹೇಳಬೇಕು. ಆರಡಿ ಎತ್ತರ, ಬಿಳಿ ಕೂದಲು, ಕುತ್ತಿಗೆಗೆ ದಾರದಲ್ಲಿ ನೇತುಹಾಕಿಕೊಂಡ ಭೂತಗನ್ನಡಿ. ಹೊಸದಾಗಿ ಸೇರಿದ ದಿನ ನಾನು ಸಿನಿಮಾದಲ್ಲಿ ನೋಡಿದ ಹಾಗೆ ಬಿಳಿ ಕೈಗವಸು ಹಾಕಿಕೊಂಡು ಬಂದಿದ್ದೆ. “ವಾರಿಜಾ, ನೀನೇನು ಮ್ಯಾಜಿಕ್ ಶೋ ಮಾಡ್ತೀಯಾ? ಬಿಚ್ಚು. ಕೈ ತೊಳ್ಕೊಂಡು ಚೆನ್ನಾಗಿ ಒರೆಸ್ಕೊ. ಗವಸು ಹಾಕಿದ ಬೆರಳಿಗೆ ಕಾಗದ ಹರಿಯೋದು ಗೊತ್ತಾಗಲ್ಲ” ಅಂದಳು. ಅದು ಮೊದಲ ಪಾಠ. ಎರಡನೆಯದನ್ನು ವಾರಕ್ಕೊಂದು ಸಲವಾದರೂ ಹೇಳುತ್ತಿದ್ದಳು: “ಮೊದಲು ಅಂಚು ಓದು, ಆಮೇಲೆ ನಕ್ಷೆ ನೋಡು.” ನಕ್ಷೆಯ ಸುತ್ತಲಿನ ಬಿಳಿ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಯಾರು ಅಳೆದರು, ಯಾವಾಗ ಅಳೆದರು, ಎಲ್ಲಿಂದ ಎಣಿಸಿದರು, ಅದನ್ನು ಅವಳು ಊಟಕ್ಕೆ ಮೊದಲು ಕೈ ತೊಳೆಯುವಷ್ಟೇ ಕಡ್ಡಾಯ ಮಾಡಿದ್ದಳು. ನಾನು ತಲೆ ಆಡಿಸುತ್ತಿದ್ದೆ. ತಲೆ ಆಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರು ಯಾರು?

೨೦೨೦ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಿಂದ ಒಂದು ಫೋನ್ ಬಂತು. ಮಾರ್ಥಾ ಅಂತ ಒಬ್ಬ ವಯಸ್ಸಾದ ಹೆಂಗಸು. ಅವರ ಗಂಡ ನೀರಾವರಿ ಇಂಜಿನಿಯರ್ ಆಗಿದ್ದವರು, ಒಂದು ಕಾಲಕ್ಕೆ ವಿಯೆಟ್ನಾಂನಲ್ಲಿ ಕೆಲಸ ಮಾಡಿದ್ದರಂತೆ. ಅವರು ತೀರಿಕೊಂಡ ಮೇಲೆ ಗ್ಯಾರೇಜಿನಲ್ಲಿ ಒಂದು ಪೆಟ್ಟಿಗೆ ಉಳಿದಿದೆ, ನಿಮಗೆ ಬೇಕಾದರೆ ಒಯ್ಯಿರಿ, ಬೇಡವಾದರೆ ಕಸಕ್ಕೆ ಹಾಕುತ್ತೇನೆ ಅಂದರು. ಕಸ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಕ್ಯಾರಲ್ ಕಾರಿನ ಕೀ ಹಿಡಿದು ನಿಂತಿದ್ದಳು. ಟ್ರಾಫಿಕ್ಕಿನಲ್ಲಿ ಕೂತೂ ಕೂತೂ ನಾಲ್ಕು ಗಂಟೆ ಡ್ರೈವ್ ಮಾಡಿ ತಲುಪಿದೆವು.

ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಹಿಂದೆ, ಕ್ರಿಸ್‌ಮಸ್ ಗಿಡದ ಕೆಳಗೆ, ಒಂದು ತಗಡಿನ ಪೆಟ್ಟಿಗೆ. ತೆಗೆದರೆ ಇಪ್ಪತ್ತಾರು ದೊಡ್ಡ ಹಾಳೆ. ವಿಯೆಟ್ನಾಂ ಆಳುತ್ತಿದ್ದ ಫ್ರೆಂಚರು ಕೊಚಿನ್‌ಚೀನಾ ಅಂತ ಕರೆಯುತ್ತಿದ್ದ ಅದರ ದಕ್ಷಿಣ ಭಾಗದ, ಮೆಕಾಂಗ್ ನದಿ ಹತ್ತಾರು ಕವಲಾಗಿ ಸಮುದ್ರ ಸೇರುವ ಕಡೆಯ, ಟ್ರಾ ವಿನ್ ಎಂಬ ಒಂದೇ ಪ್ರಾಂತ್ಯದ ಪೂರ್ತಿ ಸರ್ವೆ. ಬೆಳ್ಳಿಮೀನು ಹುಳ ಒಂದೆರಡು ಮೂಲೆ ತಿಂದಿತ್ತು, ಅಷ್ಟೆ. ಕ್ಯಾರಲ್ ನೆಲದ ಮೇಲೆ ಮಂಡಿಯೂರಿ ಕೂತು ಚಿಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಮಾರ್ಥಾ ನಮಗೆ ಹಿತ್ತಲಿನ ನಿಂಬೆಹಣ್ಣು ಒಂದು ಚೀಲ ಕೊಟ್ಟರು. ಆ ಕಡೆ ಯಾರ ಮನೆಗೆ ಹೋದರೂ ನಿಂಬೆಹಣ್ಣು ತಪ್ಪುವುದಿಲ್ಲ.

ಮುಂದಿನ ತಿಂಗಳೇ ಲೈಬ್ರರಿ ಮುಚ್ಚಿತು, ಊರು ಮುಚ್ಚಿತು, ಎಲ್ಲರೂ ಮನೆ ಸೇರಿದೆವು. ಪುಣ್ಯಕ್ಕೆ ಹಾಳೆಗಳ ಸ್ಕ್ಯಾನ್ ಆಗಿತ್ತು. ಅವುಗಳನ್ನು ಕಂಪ್ಯೂಟರಿನಲ್ಲಿ ಇವತ್ತಿನ ಭೂಪಟದ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಸೇರಿದಾಗ ನಾನು ಟೈಪ್ ಮಾಡಿದ ಕಾರ್ಡುಗಳನ್ನು ಮರದ ಡಬ್ಬಿಯಲ್ಲಿ ಜೋಡಿಸುತ್ತಿದ್ದೆ. ಈಗ ಮೀರಾ ಮೆಸಾದ ಮನೆಯ ಊಟದ ಮೇಜಿನ ಮೇಲೆ, ಒಂದು ಕಡೆ ಉಪ್ಪಿನಕಾಯಿ ಜಾಡಿ, ಇನ್ನೊಂದು ಕಡೆ ಇಡೀ ಪ್ರಾಂತ್ಯ. ಎದುರುಗಡೆ ನಮ್ಮ ಮನೆಯವರು ಪ್ರಭಾಕರ. ಟೆಲಿಕಾಂ ಇಂಜಿನಿಯರ್, ಬೆಂಗಳೂರಿನ ಬಸವನಗುಡಿಯವರು, ದಿನಕ್ಕೆ ಎಂಟು ಮೀಟಿಂಗು. ಇದ್ದ ಇಂಟರ್‌ನೆಟ್ಟೆಲ್ಲ ಅವರ ಮೀಟಿಂಗಿಗೇ ಹೋಗಿ, ನನ್ನ ಪರದೆಯಲ್ಲಿ ಹಿನ್ನೆಲೆಯ ಭೂಪಟ ಮೂಡುತ್ತಲೇ ಇರಲಿಲ್ಲ.

ಹಾಗಾಗಿ ಕಣ್ಣಿಗೆ ಕಾಣದಿದ್ದರೂ ಲೆಕ್ಕದ ಮೇಲೆ ಕೂರಿಸಿದೆ. ಹಾಳೆಯ ನಾಲ್ಕು ಮೂಲೆಯಲ್ಲಿದ್ದ ಅಂಕಿಗಳನ್ನು ಟೈಪ್ ಮಾಡಿದೆ, ಬಟನ್ ಒತ್ತಿದೆ, ಮುಂದಿನ ಹಾಳೆಗೆ ಹೋದೆ. ಇಪ್ಪತ್ತಾರನ್ನೂ ಮುಗಿಸಿ ವೆಬ್‌ಸೈಟಿಗೆ ಏರಿಸಿ, ಆ ದಿನ ಖುಷಿಗೆ ಪಾಯಸ ಮಾಡಿದೆ.

ಒಂದು ವಾರದ ಮೇಲೆ ಲೈಬ್ರರಿಯ ವಿಳಾಸಕ್ಕೆ ಒಂದು ಇಮೇಲ್ ಬಂತು. ಬರೆದವನು ಟಿಮ್ ಅಂತ, ನಮ್ಮ ಮೀರಾ ಮೆಸಾದವನೇ, ಹಲ್ಲಿನ ಡಾಕ್ಟರ್, ವಿಯೆಟ್ನಾಂ ಮೂಲದವನು. ಬಹಳ ವಿನಯದಿಂದ ಬರೆದಿದ್ದ: ಈ ನಕ್ಷೆಗಳನ್ನು ಹಾಕಿದ್ದಕ್ಕೆ ಧನ್ಯವಾದ. ನಮ್ಮಮ್ಮ ಈ ಪ್ರಾಂತ್ಯದಲ್ಲೇ ಹುಟ್ಟಿದ್ದು. ಆದರೆ ನಿಮ್ಮ ನಕ್ಷೆಯ ಪ್ರಕಾರ ಆಕೆ ನಡು ಸಮುದ್ರದಲ್ಲಿ ಹುಟ್ಟಿದ ಹಾಗೆ ಕಾಣುತ್ತದೆ. ಆಕೆಗೆ ಈಜು ಬರುವುದಿಲ್ಲ.

ನಾನು ಎದ್ದು ಹೋಗಿ ಪ್ರಭಾಕರರ ಮೀಟಿಂಗನ್ನೇ ಕಟ್ ಮಾಡಿ ಇಂಟರ್‌ನೆಟ್ ಕಿತ್ತುಕೊಂಡೆ. ನೋಡಿದರೆ ಹೌದು. ಗದ್ದೆ, ತೋಟ, ಗುಡಿ, ಅಕ್ಕಿ ಗಿರಣಿ ಸಮೇತ ಒಂದು ಪ್ರಾಂತ್ಯ ಪೂರ್ವಕ್ಕೆ ತೇಲಿ, ಫಿಲಿಪೀನ್ಸ್ ಕಡೆಗೆ ಅರ್ಧ ದಾರಿಯಲ್ಲಿ ನಿಂತಿತ್ತು. ಕಾರಣ ಅಂಚಿನಲ್ಲೇ ಇತ್ತು. ಆ ಕಾಲದ ಫ್ರೆಂಚರು ರೇಖಾಂಶವನ್ನು ಲಂಡನ್ನಿನ ಗ್ರೀನಿಚ್‌ನಿಂದ ಎಣಿಸುತ್ತಿರಲಿಲ್ಲ, ಪ್ಯಾರಿಸ್‌ನಿಂದ ಎಣಿಸುತ್ತಿದ್ದರು. ಅದು ಸಾಲದು ಅಂತ ಕಾಲು ವೃತ್ತವನ್ನು ನಮ್ಮ ಹಾಗೆ ತೊಂಬತ್ತು ಭಾಗ ಮಾಡದೆ ನೂರು ಭಾಗ ಮಾಡಿದ್ದರು. ಎರಡನ್ನೂ ಹಾಳೆಯ ಕೆಳಗೆ ಸ್ಪಷ್ಟವಾಗಿ ಅಚ್ಚು ಹಾಕಿದ್ದರು. ನಾನು ಓದಿರಲಿಲ್ಲ.

ಕ್ಯಾರಲ್‌ಗೆ ಫೋನ್ ಮಾಡಿ ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ನೋಡಿದರೆ ಅವಳು ನಗು ತಡೆದುಕೊಳ್ಳುತ್ತಿದ್ದಳು. “ಮೂರು ವಾರದಿಂದ ಈ ಮನೆಯಲ್ಲಿ ಒಬ್ಬಳೇ ಇದ್ದೀನಿ ವಾರಿಜಾ, ನಗೋಕೆ ಒಂದು ಕಾರಣ ಇರಲಿಲ್ಲ. ಥ್ಯಾಂಕ್ ಯೂ. ಈಗ ಪ್ರಾಂತ್ಯಾನ ದಡಕ್ಕೆ ಎಳೆದು ತಾ” ಅಂದಳು. ಎಳೆದು ತಂದೆ. ನಾಲ್ಕು ದಿನ ಹಿಡಿಯಿತು. ಪ್ರಭಾಕರ ಮಾತ್ರ ಅವತ್ತಿನಿಂದ ಯಾರು ಮನೆಗೆ ಫೋನ್ ಮಾಡಿದರೂ, “ನಮ್ಮನೆಯವರು ಒಂದು ಜಿಲ್ಲೇನೇ ಮುಳುಗಿಸಿಬಿಟ್ರು ಕಣ್ರೀ” ಅಂತ ಹೇಳಿಕೊಂಡು ತಿರುಗಿದರು.

ಆ ಹಾಳೆಗಳನ್ನು ಓದುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೊಟ್ಟಗೆ ಹರಿಯುವ ನೀಲಿ ಗೆರೆ ನದಿಯದ್ದು, ನೆಟ್ಟಗೆ ಹೋಗುವ ಗೆರೆ ಸರ್ಕಾರದ್ದು. ಫ್ರೆಂಚರು ಉಗಿಯಂತ್ರದಿಂದ ಮಣ್ಣು ತೋಡಿಸಿ ಒಂದು ನದಿಗೂ ಇನ್ನೊಂದು ನದಿಗೂ ಕಾಲುವೆ ಎಳೆದಿದ್ದರು. ನದಿಯ ದಂಡೆ ತುಸು ಎತ್ತರ, ಅಲ್ಲಿ ಮನೆ, ತೆಂಗು, ಬಾಳೆ. ಅದರ ಹಿಂದೆ ತಗ್ಗು, ಅಲ್ಲಿ ಗದ್ದೆ. ಅಲ್ಲಲ್ಲಿ ಹಳೆಯ ಕಡಲತೀರದ ಮರಳು ದಿಬ್ಬಗಳು ಉಳಿದಿವೆ, ಅವುಗಳ ಮೇಲೆ ಖ್ಮೇರ್ ಜನರ ಹಳ್ಳಿ ಮತ್ತು ಬೌದ್ಧರ ಗುಡಿ. ಎರಡು ಕಾಲುವೆ ಸೇರುವ ಕಡೆ ಚೀನೀಯರ ಅಂಗಡಿ. ಭತ್ತ ದೋಣಿಯಲ್ಲಿ ಗಿರಣಿಗೆ ಹೋಗಬೇಕು, ಅಕ್ಕಿ ಹಡಗು ಹತ್ತಿ ದೂರದ ದೇಶಕ್ಕೆ ಹೋಗಬೇಕು, ಅದಕ್ಕಾಗಿಯೇ ಈ ಕಾಲುವೆಗಳು. ದೊಡ್ಡ ಜಮೀನ್ದಾರನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಆ ಜಮೀನನ್ನು ಉಳುವ ಒಕ್ಕಲಿನವರ ಕೇರಿಗೆ ಬರೀ ಕಪ್ಪು ಚುಕ್ಕೆ, ಹೆಸರಿಲ್ಲ. ನನಗೆ ಅದನ್ನು ನೋಡಿ ಸಿಟ್ಟು ಬರುತ್ತಿತ್ತು.

ನಾನು ಗಂಗೊಳ್ಳಿಯ ಕಡೆಯವಳು. ಹೊಳೆಗಳು ಕೂಡಿ ಕಡಲು ಸೇರುವ ಜಾಗದಲ್ಲಿ ಬೆಳೆದವಳು. ನದಿಯ ನಡುವಿನ ದ್ವೀಪಕ್ಕೆ ನಮ್ಮಲ್ಲಿ ಕುದ್ರು ಅನ್ನುತ್ತೇವೆ. ಈ ಹಾಳೆಗಳಲ್ಲಿ ಎಲ್ಲಿ ನೋಡಿದರೂ ಕುದ್ರು! ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಹಾಕಿದ ಕಟ್ಟ ಕೂಡ ನಮ್ಮೂರಿನದೇ. ಸಾವಿರಾರು ಮೈಲಿ ದೂರದ ಜನ, ಆದರೂ ಊರಿನವರ ಮಧ್ಯೆಯೇ ಕೂತ ಹಾಗೆ ಅನ್ನಿಸಿ ಕೆಲಸ ಹಬ್ಬದ ಹಾಗೆ ಸಾಗಿತು.

ನಡುವೆ ಒಂದು ತಮಾಷೆ. ಲೈಬ್ರರಿ ಮತ್ತೆ ತೆರೆದ ಮೇಲೆ ಲಾಸ್ ಏಂಜಲೀಸಿನಿಂದ ಸಿನಿಮಾ ಸೆಟ್ ಮಾಡುವವನೊಬ್ಬ ಬಂದ. ಫ್ರೆಂಚ್ ಅಧಿಕಾರಿಯ ಕಚೇರಿಯ ಗೋಡೆಗೆ ನಕ್ಷೆ ಬೇಕು. ಒಂದು ಹಾಳೆಯ ನಕಲು ಮಾಡಿಕೊಟ್ಟೆವು. “ಚೆನ್ನಾಗಿದೆ, ಆದರೆ ಇನ್ನೂ ಸ್ವಲ್ಪ ಹಳೇದು ಸಿಗುತ್ತಾ?” ಅಂದ. ಇದೇ ಆ ಕಾಲದ್ದು ಅಂದರೆ, ಹಾಗೆ ಕಾಣುವುದಿಲ್ಲ ಅಂತ ಹೇಳಿ ಚಹದ ಕಲೆ ಹಾಕಿಸಿಕೊಂಡ. ಆಮೇಲೆ ಸೆಟ್‌ನ ಫೋಟೋ ಕಳಿಸಿದ. ನಕ್ಷೆ ತಲೆಕೆಳಗಾಗಿ ನೇತಾಡುತ್ತಿತ್ತು. ಕ್ಯಾರಲ್ ಅದನ್ನು ಪ್ರಿಂಟ್ ತೆಗೆದು ನನ್ನ ಮೇಜಿಗೆ ಅಂಟಿಸಿದಳು: “ನೋಡು, ನೀನೇ ವಾಸಿ.”

ಇಷ್ಟರಲ್ಲಿ ಟಿಮ್ ತನ್ನ ತಾಯಿಯನ್ನು ನಮ್ಮ ಮನೆಗೆ ಕರೆತಂದ. ಇನ್ನೂ ಮಾಸ್ಕ್ ಹಾಕಿಕೊಳ್ಳುವ ಕಾಲ, ಅದಕ್ಕೆ ಡ್ರೈವ್‌ವೇನಲ್ಲಿ ಕುರ್ಚಿ ಹಾಕಿ ಕೂತೆವು. ಲಾನ್ ಆಂಟಿಗೆ ಎಂಬತ್ತರ ಹತ್ತಿರ. ಪುಟ್ಟ ದೇಹ, ಕೋಲು, ಕೈಯಲ್ಲಿ ಒಂದು ಚೀಲ ಡ್ರ್ಯಾಗನ್ ಹಣ್ಣು. ಕೂತವರೇ ಕೇಳಿದ್ದು ನನ್ನ ಹೆಸರನ್ನಲ್ಲ.

“ಮನೆಯಲ್ಲಿ ನೀನು ಎಷ್ಟನೆಯವಳು?”

“ಮೊದಲನೆಯವಳು ಆಂಟಿ.”

“ಹಾಗಾದ್ರೆ ನೀನು ಎರಡು” ಅಂದರು.

ಟಿಮ್ ನಕ್ಕು ವಿವರಿಸಿದ. ಅವರ ಕಡೆ ಮನೆಯ ಮಕ್ಕಳನ್ನು ಹುಟ್ಟಿದ ಕ್ರಮದ ಅಂಕಿಯಿಂದಲೇ ಕರೆಯುತ್ತಾರೆ, ಆದರೆ ಎಣಿಕೆ ಶುರುವಾಗುವುದು ಎರಡರಿಂದ. ಚೊಚ್ಚಲ ಮಗು ಎರಡು, ಮುಂದಿನದು ಮೂರು. ಎರಡಕ್ಕೆ ಅವರ ಭಾಷೆಯಲ್ಲಿ ಹಾಯ್. ಅವತ್ತಿನಿಂದ ನಾನು ಅವರಿಗೆ ಹಾಯ್. ಅವರ ತಂದೆ ಏಳನೆಯ ಮಗನಾದ್ದರಿಂದ ಎಂಟು, ಅಂದರೆ ತಾಮ್. ಊರಿನವರಿಗೆಲ್ಲ ತಾಮ್ ಅಜ್ಜ. ಕಾಲುವೆಯ ಕಡವಿನಲ್ಲಿ, ಅಂದರೆ ದೋಣಿ ಕಟ್ಟುವ ಮೆಟ್ಟಿಲ ಹತ್ತಿರ, ಚಹದ ಅಂಗಡಿ ಇಟ್ಟುಕೊಂಡಿದ್ದವರು.

ಲಾನ್ ಆಂಟಿಗೆ ಏಳು ವರ್ಷವಾಗಿದ್ದಾಗ ಆ ಕಡೆ ಕದನ ಶುರುವಾಯಿತಂತೆ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಪಟ್ಟಣಕ್ಕೆ ಹೊರಟರು. ತಂದೆ ಅಂಗಡಿ ಮುಚ್ಚಿ ಬರುತ್ತೇನೆ ಅಂತ ಉಳಿದವರು ಜ್ವರ ಬಂದು ಅಲ್ಲೇ ತೀರಿಕೊಂಡರು. ಅಕ್ಕಪಕ್ಕದವರು ಅಂಗಡಿಯ ಹಿಂದೆ ಮಣ್ಣು ಮಾಡಿದರು ಅಂತ ಒಬ್ಬ ದೋಣಿಯವನು ಸುದ್ದಿ ತಂದ. ಅಷ್ಟೆ. ಆಮೇಲೆ ಕೇರಿಯ ಹೆಸರು ಮೂರು ಸಲ ಬದಲಾಯಿತು, ತಾಯಿಯೂ ಹೋದರು, ಲಾನ್ ಆಂಟಿ ಇಲ್ಲಿಗೆ ಬಂದರು. ಪ್ರತಿ ವರ್ಷ ತಂದೆ ಹೋದ ದಿನ ಅಡುಗೆ ಮಾಡಿ ಬಡಿಸುತ್ತಾರೆ. ಆ ಮಣ್ಣಿನ ಮೇಲೆ ಒಂದು ಸಲ ಕೈ ಇಡಬೇಕು ಅನ್ನುವುದು ಅವರ ಆಸೆ.

ಅವರು ಹಣ್ಣು ಕತ್ತರಿಸುವುದರಲ್ಲಿ ಮುಳುಗಿದ್ದಾಗ ಟಿಮ್ ಮೆಲ್ಲಗೆ ಹೇಳಿದ: “ಮಂಡಿ ಆಪರೇಷನ್ ಆಗಬೇಕು, ಹಾರ್ಟ್ ಕೂಡ ವೀಕು. ಅದೆಲ್ಲ ಮುಗಿದ ಮೇಲೆ ಒಂದೇ ಒಂದು ದೊಡ್ಡ ಪ್ರಯಾಣ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಅಲ್ಲಿ ಹೋಗಿ ಊರೂರು ಅಲೆದು ಹುಡುಕೋಕೆ ಅವಳ ಕೈಲಾಗಲ್ಲ. ಒಂದು ಜಾಗಕ್ಕೆ ಕರ್ಕೊಂಡು ಹೋಗ್ತೀನಿ. ಅದು ಸರಿಯಾದ ಜಾಗ ಆಗಿರಬೇಕು.”

ಪ್ರಾಂತ್ಯವನ್ನೇ ಸಮುದ್ರಕ್ಕೆ ಹಾಕಿದವಳ ಹತ್ತಿರ ಬಂದು ಈ ಮಾತು ಹೇಳುತ್ತಿದ್ದಾನಲ್ಲ ಅಂತ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಹ್ಞೂಂ ಅಂದೆ.

ಹೆಸರಿನಿಂದ ಹುಡುಕುವ ಹಾಗಿರಲಿಲ್ಲ, ಯಾಕೆಂದರೆ ಹಾಳೆಯಲ್ಲಿ ಆ ಕೇರಿಗಳಿಗೆ ಹೆಸರೇ ಇಲ್ಲ. ಆಂಟಿಯ ನೆನಪಿನಿಂದಲೇ ಹುಡುಕಬೇಕು. ವಾರಕ್ಕೊಮ್ಮೆ ಬಂದು ಕೂರುತ್ತಿದ್ದರು, ನಾನು ಕೇಳುತ್ತಿದ್ದೆ. ಮನೆಯ ಮುಂದೆ ಏನಿತ್ತು? ಕಾಲುವೆ. ಯಾವ ಕಡೆಗೆ ಹರಿಯುತ್ತಿತ್ತು? ಈ ಪ್ರಶ್ನೆಗೆ ಅವರು ಪ್ರತಿ ಸಲ ತಡವರಿಸುತ್ತಿದ್ದರು. ಒಂದು ದಿನ ಬೇಸತ್ತು ಹೇಳಿದರು: “ಯಾವ ಕಡೆಗೂ ಹರೀತಿರಲಿಲ್ಲ ಹಾಯ್. ಎರಡೂ ಕಡೆಯಿಂದ ಬರ್ತಿತ್ತು. ಏರ್ತಿತ್ತು, ಇಳೀತಿತ್ತು. ನಾನು ಬಿಟ್ಟ ಬಾಳೆ ಸಿಪ್ಪೆ ದೋಣಿ ಅಲ್ಲೇ ನಿಂತಿರ್ತಿತ್ತು. ನಂಗೆ ಹುಚ್ಚು ಅಂತೀಯಾ?”

ಹುಚ್ಚಲ್ಲ ಆಂಟಿ. ನಮ್ಮೂರಲ್ಲೂ ಅಂಥ ನೀರಿದೆ.

ನಮ್ಮ ಸೋದರಮಾವ ಹೆಂಚು ಸಾಗಿಸುವ ದೋಣಿ ನಡೆಸುತ್ತಿದ್ದರು. ಕುದ್ರುವಿನ ಹಿಂದಿನ ಹೊಳೆಯಲ್ಲಿ ಉಬ್ಬರದ ನೀರು ಎರಡೂ ಬದಿಯಿಂದ ಒಳಗೆ ಬಂದು ಒಂದು ಕಡೆ ಕೂಡುತ್ತದೆ. ಅಲ್ಲಿ ನೀರು ಏರುತ್ತದೆ, ಇಳಿಯುತ್ತದೆ, ಆದರೆ ಹರಿಯುವುದಿಲ್ಲ. ಆ ಸಂಜೆಯೇ ಗಂಗೊಳ್ಳಿಗೆ, ಮಾವನ ಮಗ ರಾಘುಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ.

“ಹ್ವಾಯ್ ಅಕ್ಕ, ಎಂತ ಇಷ್ಟ್ ಬೆಳಿಗ್ಗೆ?”

“ರಾಘು, ಮಾವ ದೋಣಿ ನಿಲ್ಲಿಸ್ತಿದ್ದದ್ದು ಎಲ್ಲಿ ಹೇಳು.”

“ನೀರ್ ಕೂಡು ಜಾಗದಲ್ಲೇ, ಮತ್ತೆಲ್ಲಿ? ಉಬ್ಬರದ ಸಂಗ್ತಿಗೆ ಒಳಗೆ ಹೋಪುದ್, ಅಲ್ಲಿ ನಿಲ್ಸುದ್, ಇಳಿತ ಶುರು ಆದ್ಮೇಲೆ ಆಚಿ ಬದಿಯಿಂದ ಹೊರಗೆ ಬಪ್ಪುದ್. ಹುಟ್ಟು ಹಾಕು ಕೆಲ್ಸವೇ ಇಲ್ಲ. ಕಾಯು ಹೊತ್ತಲ್ ಅಪ್ಪಯ್ಯ ಚಾ ಕುಡಿತಿದ್ರ್. ಎಂತಕ್ಕೆ, ನೀನ್ ಅಮೆರಿಕದಲ್ ದೋಣಿ ತಕಂಡ್ಯಾ?”

ಚಾ ಕುಡಿಯುತ್ತಿದ್ದರು! ಭತ್ತದ ದೋಣಿಗಳೂ ಹೀಗೇ ಒಂದು ನದಿಯ ಉಬ್ಬರದ ಜೊತೆ ಕಾಲುವೆಗೆ ಬಂದು, ನೀರು ಕೂಡುವ ಕಡೆ ಕಾದು, ಇಳಿತದ ಜೊತೆ ಇನ್ನೊಂದು ನದಿಗೆ ಹೋಗುತ್ತಿದ್ದವು. ಬುದ್ಧಿ ಇರುವ ಯಾರೇ ಆದರೂ ಚಹದ ಅಂಗಡಿ ಇಡುವುದು ಅಲ್ಲೇ. ನಾವು ಕೇರಿ ಹುಡುಕಬೇಕಾಗಿರಲಿಲ್ಲ, ನೀರು ಕೂಡುವ ಜಾಗ ಹುಡುಕಬೇಕಾಗಿತ್ತು.

ಆಂಟಿ ತಾಯಿಯ ಜೊತೆ ಹೋಗಿ ಸೇರಿದ ಪಟ್ಟಣದ ಸುತ್ತ ಅಂಥ ಕಾಲುವೆ ಮೂರಿದ್ದವು. ಹೊಸ ವರ್ಷದ ಹಬ್ಬದ ಬೆಳಿಗ್ಗೆ ಸೂರ್ಯ ಕಾಲುವೆಯ ತುದಿಯಲ್ಲೇ ಹುಟ್ಟಿ, ಬಿಸಿಲು ನೀರಿನುದ್ದಕ್ಕೂ ಬಂದು ಅಪ್ಪನ ಕೆಟಲಿಗೆ ಬೀಳುತ್ತಿತ್ತು ಅಂತಲೂ ಅವರು ಹೇಳಿದ್ದರು. ಅವರ ಹೊಸ ವರ್ಷ ಬರುವುದು ಜನವರಿ, ಫೆಬ್ರವರಿ ಹೊತ್ತಿಗೆ. ಆಗ ಸೂರ್ಯ ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ ಹುಟ್ಟುತ್ತಾನೆ. ಎರಡು ಕಾಲುವೆ ಈಶಾನ್ಯದಿಂದ ನೈಋತ್ಯಕ್ಕೆ ಓರೆಯಾಗಿ ಹೋಗಿದ್ದವು, ಅವುಗಳಲ್ಲಿ ಬೆಳಗಿನ ಬಿಸಿಲು ಉದ್ದಕ್ಕೆ ಬೀಳಲು ಸಾಧ್ಯವಿಲ್ಲ. ಮೂರನೆಯದು ಮಾತ್ರ ಒಂದು ಮರಳು ದಿಬ್ಬ ತಪ್ಪಿಸಲು ತಿರುಗಿ, ಸ್ವಲ್ಪ ದೂರ ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಹೋಗಿತ್ತು. ಇದೇ ಅಂತ ಕುಣಿದಾಡಿದೆ. ಆ ಕಾಲುವೆ ಇರುವ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಒಂದೇ ನಕ್ಷೆಯ ಹಾಗೆ ಕಾಣಲಿ ಅಂತ ಬಿಳಿ ಅಂಚನ್ನೆಲ್ಲ ಕತ್ತರಿಸಿ, ದೊಡ್ಡದಾಗಿ ಪ್ರಿಂಟ್ ತೆಗೆದೆ. ಕಾಲುವೆಯ ಸರಿಯಾದ ಮಧ್ಯದಲ್ಲಿ ಕೆಂಪು ಚುಕ್ಕೆ ಇಟ್ಟೆ. ಎರಡು ಕಡೆಯ ನೀರು ಕೂಡುವುದು ಮಧ್ಯದಲ್ಲಿ ತಾನೇ?

ಆಂಟಿಯ ಮಂಡಿ ಆಪರೇಷನ್ ಮುಗಿದಿತ್ತು. ಟಿಮ್ ಮುಂದಿನ ಫೆಬ್ರವರಿಗೆ ಟಿಕೆಟ್ ಬುಕ್ ಮಾಡಿದ. ಆಂಟಿ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಅದು ನನ್ನ ಕೆಲಸದ ಕೊನೆಯ ವರ್ಷ. ಕ್ಯಾರಲ್ ಅಷ್ಟರಲ್ಲಿ ನಿವೃತ್ತಳಾಗಿ ನಮ್ಮ ಪಕ್ಕದ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸ್‌ನ ಮನೆಯಲ್ಲಿ ಟೊಮೆಟೊ ಬೆಳೆಯುತ್ತಿದ್ದಳು. ಹೊಗಳಿಸಿಕೊಳ್ಳೋಣ ಅಂತ ಪ್ರಿಂಟ್ ಸುತ್ತಿಕೊಂಡು ಹೋದೆ. ಅವಳು ಮಣ್ಣಿನ ಕೈ ತೊಳೆದು, ಒರೆಸಿ, ಹಾಳೆ ಬಿಡಿಸಿ, ಭೂತಗನ್ನಡಿ ಹಿಡಿದು ಸುತ್ತಲೂ ಒಂದು ಸಲ ನೋಡಿದಳು.

“ಅಂಚು ಎಲ್ಲಿ?”

“ಕತ್ತರಿಸಿದೆ. ಈಗೆಲ್ಲ ಹಾಗೇ ಮಾಡೋದು ಕ್ಯಾರಲ್, ಹಾಳೆ ಹಾಳೆ ಜೋಡಿಸುವಾಗ…”

“ಕತ್ತರಿಸಿದ್ದರಲ್ಲಿ ಏನಿತ್ತು?”

ಅವಳು ಪ್ರಿಂಟನ್ನು ಸುತ್ತಿ ನನ್ನ ಕಂಕುಳಿಗೆ ತುರುಕಿದಳು. “ಟೊಮೆಟೊ ಆಮೇಲೆ ಕೊಡ್ತೀನಿ. ಹೋಗು.”

ಮೀರಾ ಮೆಸಾಗೆ ಹೋಗದೆ ನೇರ ಲೈಬ್ರರಿಗೆ ಡ್ರೈವ್ ಮಾಡಿದೆ. ಡ್ರಾಯರ್ ಎಳೆದು ಅಸಲು ಹಾಳೆ ತೆಗೆದೆ. ಕೆಳಗಿನ ಬಲ ಅಂಚಿನಲ್ಲಿ, ಬೆರಳುದ್ದದ ಒಂದು ಸಣ್ಣ ಚಿತ್ರ. ಕಾಲುವೆಯನ್ನು ಉದ್ದಕ್ಕೆ ಸೀಳಿದರೆ ತಳ ಹೇಗೆ ಕಾಣುತ್ತದೆ ಅನ್ನುವುದನ್ನು ಸರ್ವೆ ಮಾಡಿದ ಫ್ರೆಂಚ್ ಇಂಜಿನಿಯರ್ ಬರೆದಿದ್ದ. ಎರಡು ಕಡೆಯ ನೀರು ಕೂಡಿ ನಿಲ್ಲುವ ಜಾಗದಲ್ಲಿ ಕೆಸರು ಕೆಳಗಿಳಿದು ಗುಡ್ಡೆಯಾಗುತ್ತದೆ. ಫ್ರೆಂಚರು ಅದಕ್ಕೆ ಕತ್ತೆಬೆನ್ನು ಅಂತ ಹೆಸರಿಟ್ಟಿದ್ದರು. ಎಷ್ಟು ತೋಡಿದರೂ ಮತ್ತೆ ಬಂದು ಕೂರುವ ಆ ಗುಡ್ಡೆಯ ಮೇಲೆ ಅವರಿಗೆ ಎಷ್ಟು ಸಿಟ್ಟಿತ್ತೋ! ಚಿತ್ರದಲ್ಲಿ ಕತ್ತೆಬೆನ್ನು ಕಾಲುವೆಯ ಮಧ್ಯದಲ್ಲಿ ಇರಲಿಲ್ಲ. ಪೂರ್ವದ ನದಿಯ ಉಬ್ಬರ ಮೊದಲು ಬಂದು ಜೋರಾಗಿ ಒಳಗೆ ನುಗ್ಗುವುದರಿಂದ ಅದು ಪಶ್ಚಿಮಕ್ಕೆ ಬಹಳ ದೂರ ಸರಿದಿತ್ತು. ಸರಿದು ಸರಿದು, ಮರಳು ದಿಬ್ಬದ ಪಕ್ಕ ಕಾಲುವೆ ಪೂರ್ವ ಪಶ್ಚಿಮವಾಗುವ ತುಂಡಿನಲ್ಲಿ ಬಂದು ಕೂತಿತ್ತು. ನನ್ನ ಕೆಂಪು ಚುಕ್ಕೆ ಇದ್ದ ಕಡೆ ಕಾಲುವೆ ಓರೆಯಾಗಿದೆ, ಬಿಸಿಲು ಬೀಳುವುದಿಲ್ಲ ಅನ್ನುವುದು ಕಣ್ಣೆದುರೇ ಇತ್ತು. ಖುಷಿಯಲ್ಲಿ ಅದನ್ನೂ ನೋಡಿರಲಿಲ್ಲ. ಹಾಳೆಯಲ್ಲಿ ಆ ಜಾಗದಲ್ಲಿ ದಡಕ್ಕೆ ತಾಗಿಕೊಂಡು ಹೆಸರಿಲ್ಲದ ಏಳು ಕಪ್ಪು ಚುಕ್ಕೆ.

ಓದುವ ಕೋಣೆಯಲ್ಲಿ ಜೋರಾಗಿ ನಕ್ಕುಬಿಟ್ಟೆ. ಕೂತವರೆಲ್ಲ ತಿರುಗಿ ನೋಡಿದರು. ಟಿಮ್‌ಗೆ ಫೋನ್ ಮಾಡಿ, ನಾನು ಮತ್ತೆ ತಪ್ಪು ಮಾಡಿದ್ದೆ, ಈಗ ಸರಿಯಾಗಿದೆ ಅಂದೆ. ಅವನು, “ಈ ಸಲ ನೆಲದ ಮೇಲಿದೆಯಾ?” ಅಂದ. ನೀವು ಕೆಲಸಕ್ಕೆ ಸೇರಿದ ಮೇಲೆ ತಪ್ಪು ಮಾಡುತ್ತೀರಿ, ಖಂಡಿತ. ಗೊತ್ತಾದ ದಿನವೇ ಫೋನ್ ಮಾಡಿ ಹೇಳಿ. ನನ್ನ ಬುದ್ಧಿವಾದ ಇಷ್ಟೇ.

ವರ್ಷದ ಕೊನೆಗೆ ನಿವೃತ್ತಳಾದೆ. ಫೆಬ್ರವರಿಯಲ್ಲಿ ತಾಯಿ ಮಗ ಹೊರಟರು. ನಾನು ಸುಮ್ಮನೆ ಇರಲಾರದೆ ಮನೆಯ ಕಪಾಟೆಲ್ಲ ತೆಗೆದು ಒರೆಸಿದೆ. ಅಲ್ಲಿ ಏನೂ ಇಲ್ಲದಿದ್ದರೆ? ಆ ಮುದುಕಿ ಯಾವುದೋ ಸೇತುವೆಯ ಕೆಳಗೆ ಕೋಲೂರಿ ನಿಂತು ಸುತ್ತ ನೋಡುವುದೇ ಕಣ್ಣಿಗೆ ಬರುತ್ತಿತ್ತು. “ನೀನು ಅಂಚು ಓದಿದ್ದೀಯ ತಾನೇ, ಬಿಡು” ಅಂತ ಪ್ರಭಾಕರ ಸಮಾಧಾನ ಮಾಡಿದರು.

ಒಂದು ದಿನ ಮಧ್ಯಾಹ್ನ ನಾಲ್ಕಕ್ಕೆ ವಿಡಿಯೋ ಕಾಲ್ ಬಂತು. ಅಲ್ಲಿ ಮರುದಿನದ ಬೆಳಿಗ್ಗೆ ಏಳು. ಸಿಮೆಂಟಿನ ಸೇತುವೆ, ಬೈಕುಗಳು, ದಡದಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಕಬ್ಬಿನ ಹಾಲಿನ ಅಂಗಡಿ. ಟಿಮ್ ಫೋನ್ ಹಿಡಿದು ಏದುಸಿರು ಬಿಡುತ್ತಿದ್ದ. ದೋಣಿಯಿಂದ ಇಳಿದ ಅಮ್ಮ ಅಂಗಡಿಯ ಹೆಂಗಸನ್ನು ಈ ಜಾಗಕ್ಕೆ ಏನನ್ನುತ್ತಾರೆ ಅಂತ ಕೇಳಿದರಂತೆ. ಸರ್ಕಾರದ ಹೆಸರು ಬೇರೆ ಇದೆ, ನಾವೆಲ್ಲ ಕರೆಯೋದು ತಾಮ್ ಅಜ್ಜನ ಕಡವು ಅಂದಳಂತೆ ಅವಳು. ಯಾವ ತಾಮ್ ಅಜ್ಜ ಅಂದರೆ, ಯಾರಿಗೆ ಗೊತ್ತು, ನಮ್ಮಜ್ಜಿಯ ಕಾಲದಿಂದ ಹಾಗೇ ಅಂತಾರೆ. ಹಿಂದುಗಡೆ ಒಂದು ಸಮಾಧಿ ಇದೆ, ದೋಣಿ ನಿಲ್ಲಿಸಿದವರು ಒಂದು ಊದುಬತ್ತಿ ಹಚ್ಚಿ ಹೋಗ್ತಾರೆ ಅಂದಳಂತೆ.

ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಪ್ರಭಾಕರ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. ಪರದೆಯಲ್ಲಿ ಲಾನ್ ಆಂಟಿ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ಎರಡೂ ಕೈಗೆ ಮಣ್ಣು ಮೆತ್ತಿತ್ತು. ಸುತ್ತ ಇಪ್ಪತ್ತು ಮೂವತ್ತು ಜನ ನೆರೆದಿದ್ದರು. ಬೈಕ್ ನಿಲ್ಲಿಸಿ ಬಂದವರು, ಶಾಲೆಗೆ ಹೊರಟ ಮಕ್ಕಳು, ಒಂದಿಬ್ಬರು ಮುದುಕರು ಎಲ್ಲರೂ ಒಟ್ಟಿಗೇ ಏನೋ ಕೇಳುತ್ತಿದ್ದರು.

ಆಂಟಿ ಮಗನ ಕೈಯಿಂದ ಫೋನ್ ತೆಗೆದುಕೊಂಡು ನನ್ನನ್ನು ನೋಡಿದರು.

“ಹಾಯ್, ನಮ್ಮಪ್ಪ ಎಲ್ಲಿದ್ದಾರೆ ಅಂತ ಕೇಳೋಕೆ ಅಷ್ಟು ದೂರದಿಂದ ಬಂದೆ. ಇಲ್ಲಿ ನೋಡಿದ್ರೆ ಇವರೆಲ್ಲ ತಾಮ್ ಅಜ್ಜ ಯಾರು ಅಂತ ನನ್ನನ್ನೇ ಕೇಳ್ತಿದ್ದಾರೆ. ನೀನೀಗ ಫೋನ್ ಇಡು. ಇವರಿಗೆ ಹೇಳಬೇಕು.”